ಎರಡು ದೊಡ್ಡ ಆಂಟಿಬಯಾಟಿಕ್ ನಿಲ್ಲಿಸಿ ಹಳೆಯದೊಂದನ್ನು ಕೊಟ್ಟಿದ್ದು ಯಾಕೆ?

ಪ್ರಶ್ನೆ: ನನ್ನ ತಂದೆಗೆ 76 ವರ್ಷ, ತೂಕ 48 ಕೆ.ಜಿ. ಸಕ್ಕರೆ ಕಾಯಿಲೆ ಇದೆ. ಕಾಲಿನ ಹುಣ್ಣು ಕೆಂಪಾಗಿ, ಚಳಿ ನಡುಕ ಬಂದು ಆಸ್ಪತ್ರೆಗೆ ಸೇರಿಸಿದೆವು. ಮೊದಲ ದಿನ ವ್ಯಾಂಕೊಮೈಸಿನ್ ಮತ್ತು ಪೈಪರಾಸಿಲಿನ್-ಟಾಜೊಬ್ಯಾಕ್ಟಮ್ ಶುರು ಮಾಡಿದರು. ಮೂರನೇ ದಿನ ಎರಡನ್ನೂ ನಿಲ್ಲಿಸಿ ಸೆಫಜೋಲಿನ್ ಒಂದನ್ನೇ ಕೊಡುತ್ತಿದ್ದಾರೆ. ಅದು ಹಳೆಯ ಫಸ್ಟ್ ಜನರೇಷನ್ ಔಷಧಿ, ವೀಕ್ ಎಂದು ನೆಂಟರೊಬ್ಬರು ಹೇಳಿದರು. ಕಿಡ್ನಿಯ ರಕ್ತಪರೀಕ್ಷೆ ಕ್ರಿಯಾಟಿನಿನ್ 1.2, ನಾರ್ಮಲ್ ಇದೆ. ಆದರೂ ವ್ಯಾಂಕೊಮೈಸಿನ್ ದಿನಕ್ಕೆ ಒಂದೇ ಸಲ ಕೊಟ್ಟರು, ಅದಕ್ಕೆ ರಕ್ತ ತೆಗೆದು ಲೆವೆಲ್ ನೋಡಿದರು. ಈಗಿನ ಔಷಧಿ 8 ಗಂಟೆಗೊಮ್ಮೆ, ಲೆವೆಲ್ ಟೆಸ್ಟ್ ಇಲ್ಲ. ಸಂಜೆ ಇನ್ನೂ 100 ಡಿಗ್ರಿ ಜ್ವರ ಬರುತ್ತದೆ. ರಕ್ತದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ವರದಿ ಕಳಿಸಿದ್ದೇನೆ. ಪವರ್‌ಫುಲ್ ಔಷಧಿ ಬಿಟ್ಟು ಕೆಳಗೆ ಇಳಿದದ್ದು ಸರಿಯೇ?

ಉತ್ತರ: ಮೊದಲು ನಿಮ್ಮ ಆತಂಕಕ್ಕೆ ನೇರ ಉತ್ತರ ಕೊಡುತ್ತೇನೆ. ನೀವು ಕಳಿಸಿದ ವರದಿಯ ಪ್ರಕಾರ ನಿಮ್ಮ ತಂದೆಯವರ ರಕ್ತದಲ್ಲಿ ಬೆಳೆದಿರುವುದು ಸ್ಟಾಫಿಲೊಕಾಕಸ್ ಆರಿಯಸ್ (ಚಿಕ್ಕದಾಗಿ ಸ್ಟಾಫ್) ಎಂಬ ಬ್ಯಾಕ್ಟೀರಿಯಾ, ಅದೂ ಮೆಥಿಸಿಲಿನ್ ಎಂಬ ಪೆನಿಸಿಲಿನ್ ಮನೆತನದ ಔಷಧಿಗೆ ಬಗ್ಗುವ ಜಾತಿ. ಈ ಬ್ಯಾಕ್ಟೀರಿಯಾವನ್ನು ಕೊಲ್ಲುವ ವಿಷಯದಲ್ಲಿ ಸೆಫಜೋಲಿನ್ ವ್ಯಾಂಕೊಮೈಸಿನ್‌ಗಿಂತ ಜೋರು. ಡಾಕ್ಟರು ಕೆಳಗೆ ಇಳಿದಿಲ್ಲ. ವರದಿ ಕೈಗೆ ಬಂದ ಕೂಡಲೇ ಒಳ್ಳೆಯ ಔಷಧಿಗೆ ಹೋಗಿದ್ದಾರೆ. ನಾನು ಅಲ್ಲಿದ್ದರೂ ಇದನ್ನೇ ಮಾಡುತ್ತಿದ್ದೆ.

ಹಾಗಾದರೆ ಮೊದಲ ದಿನ ಯಾಕೆ ಎರಡು ದೊಡ್ಡ ಔಷಧಿ? ಆಗ ಒಳಗೆ ಯಾರಿದ್ದಾರೆ ಅಂತ ಯಾರಿಗೂ ಗೊತ್ತಿರಲಿಲ್ಲ, ಅದಕ್ಕೆ.

ಬ್ಯಾಕ್ಟೀರಿಯಾಗಳನ್ನು ನಾವು ಮೊದಲು ಎರಡು ಗುಂಪು ಮಾಡಿ ನೋಡುತ್ತೇವೆ. 1884ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಎಂಬ ಡೆನ್ಮಾರ್ಕಿನ ವೈದ್ಯರು ತೋರಿಸಿಕೊಟ್ಟ ಬಣ್ಣ ಹಾಕುವ ವಿಧಾನ ಇವತ್ತಿಗೂ ಪ್ರತಿ ಲ್ಯಾಬಿನಲ್ಲಿ ನಡೆಯುತ್ತದೆ. ಗಾಜಿನ ಮೇಲೆ ಒಂದು ಹನಿ ಹರಡಿ, ನೇರಳೆ ಬಣ್ಣ ಹಾಕಿ, ಅಯೋಡಿನ್ ಹಾಕಿ, ಆಲ್ಕೊಹಾಲ್‌ನಿಂದ ತೊಳೆದು, ಕೊನೆಗೆ ಗುಲಾಬಿ ಬಣ್ಣ ಹಾಕುತ್ತಾರೆ. ಗೋಡೆ ದಪ್ಪ ಇರುವವು ತೊಳೆದರೂ ನೇರಳೆಯಾಗೇ ಉಳಿಯುತ್ತವೆ. ಅವು ಗ್ರಾಂ ಪಾಸಿಟಿವ್. ಗೋಡೆ ತೆಳ್ಳಗಿದ್ದು ಅದರ ಮೇಲೆ ಇನ್ನೊಂದು ಕೊಬ್ಬಿನ ಪೊರೆ ಹೊದ್ದಿರುವವು ನೇರಳೆ ಬಿಟ್ಟುಕೊಟ್ಟು ಗುಲಾಬಿಯಾಗುತ್ತವೆ. ಅವು ಗ್ರಾಂ ನೆಗೆಟಿವ್. ಬರೀ ಬಣ್ಣದ ವಿಷಯ ಅಂದುಕೊಳ್ಳಬೇಡಿ. ಆ ಹೊರಪೊರೆಯನ್ನು ಯಾವ ಔಷಧಿ ದಾಟುತ್ತದೆ, ಯಾವುದು ದಾಟುವುದಿಲ್ಲ ಅನ್ನುವುದರ ಮೇಲೆ ನಮ್ಮ ಅರ್ಧ ಲೆಕ್ಕಾಚಾರ ನಿಂತಿದೆ.

ವ್ಯಾಂಕೊಮೈಸಿನ್ ದೊಡ್ಡ ಅಣು. ಆ ಹೊರಪೊರೆಯ ಸಣ್ಣ ಕಿಂಡಿಗಳಲ್ಲಿ ಅದು ತೂರುವುದೇ ಇಲ್ಲ. ಅದಕ್ಕೇ ಅದು ಗ್ರಾಂ ಪಾಸಿಟಿವ್‌ಗೆ ಮಾತ್ರ. ಮೆಥಿಸಿಲಿನ್‌ಗೆ ಬಗ್ಗದ ಸ್ಟಾಫ್ ಇದ್ದರೂ ಹಿಡಿಯುತ್ತದೆ, ಆದರೆ ಗ್ರಾಂ ನೆಗೆಟಿವ್ ಆದ ಇ. ಕೋಲಿಯನ್ನು ಮುಟ್ಟುವುದಿಲ್ಲ. ಪೈಪರಾಸಿಲಿನ್-ಟಾಜೊಬ್ಯಾಕ್ಟಮ್ ಇ. ಕೋಲಿ, ಕ್ಲೆಬ್ಸಿಯೆಲ್ಲಾ, ಸೂಡೊಮೊನಾಸ್, ಗಾಳಿ ಇಲ್ಲದೆ ಬೆಳೆಯುವ ಅನೇರೋಬ್‌ಗಳು, ಇಷ್ಟನ್ನೂ ನೋಡಿಕೊಳ್ಳುತ್ತದೆ. ಮೆಥಿಸಿಲಿನ್‌ಗೆ ಬಗ್ಗದ ಸ್ಟಾಫ್ ಮುಂದೆ ಮಾತ್ರ ಸೋಲುತ್ತದೆ. ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿನಲ್ಲಿ ಇವುಗಳಲ್ಲಿ ಯಾವುದು ಬೇಕಾದರೂ ಇರಬಹುದು. ನಡುಕ ಬರುತ್ತಿರುವ 76 ವರ್ಷದವರನ್ನು ಇಟ್ಟುಕೊಂಡು ಎರಡು ದಿನ ಕಾಯಲು ಆಗುವುದಿಲ್ಲ. ಹಾಗಾಗಿ ಮೊದಲು ರಕ್ತದ ಕಲ್ಚರ್ ತೆಗೆದು, ಆಮೇಲೆ ದೊಡ್ಡ ಬಲೆ ಬೀಸಿದರು. ಈ ಕ್ರಮ ಬಹಳ ಮುಖ್ಯ. ಔಷಧಿ ಹೋದ ಮೇಲೆ ಕಲ್ಚರ್ ತೆಗೆದಿದ್ದರೆ ಇವತ್ತು ನಿಮ್ಮ ಕೈಯಲ್ಲಿ ಈ ವರದಿ ಇರುತ್ತಲೇ ಇರಲಿಲ್ಲವೇನೋ.

ಈಗ ಆ 'ಜನರೇಷನ್' ಮಾತು. ನಿಮ್ಮ ನೆಂಟರನ್ನು ನಾನು ದೂರುವುದಿಲ್ಲ. ಹೆಸರೇ ಹಾಗಿದೆ. ಮೊಬೈಲ್ ಫೋನಿನ ಹಾಗೆ ನಾಲ್ಕನೆಯದು ಒಂದನೆಯದಕ್ಕಿಂತ ಮೇಲು ಅನ್ನಿಸುತ್ತದೆ, ಅಲ್ವಾ? ಸೆಫಜೋಲಿನ್ ಸೇರಿರುವ ಸೆಫಲೊಸ್ಪೊರಿನ್ ಗುಂಪಿನಲ್ಲಿ ಹಾಗಲ್ಲ. ಸೆಫಜೋಲಿನ್ ಸ್ಟಾಫ್ ಮತ್ತು ಸ್ಟ್ರೆಪ್ಟೊಕಾಕಸ್ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಗ್ರಾಂ ನೆಗೆಟಿವ್‌ಗಳಲ್ಲಿ ಕೆಲವನ್ನು ಮಾತ್ರ ಹಿಡಿಯುತ್ತದೆ. ಮೂರನೇ ಜನರೇಷನ್ನಿನ ಸೆಫ್ಟ್ರಿಯಾಕ್ಸೋನ್ ಗ್ರಾಂ ನೆಗೆಟಿವ್ ಕಡೆ ವಾಲಿದೆ. ಮಿದುಳಿನ ಪೊರೆಗೆ ಉರಿಯೂತ ಬಂದಾಗ ಅಲ್ಲಿಗೂ ತಲುಪುತ್ತದೆ. ಆದರೆ ಸ್ಟಾಫ್ ವಿಷಯದಲ್ಲಿ ಸೆಫಜೋಲಿನ್‌ನಷ್ಟು ಚುರುಕಿಲ್ಲ. ಅದೇ ಮೂರನೇ ಜನರೇಷನ್ನಿನ ಸೆಫ್ಟಾಜಿಡಿಮ್ ಸೂಡೊಮೊನಾಸ್‌ಗೆ ಒಳ್ಳೆಯದು, ಸ್ಟಾಫ್‌ಗೆ ತೀರಾ ಸಪ್ಪೆ. ಎಂಟೆರೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಇದ್ದರಂತೂ ಈ ಮೂರರಲ್ಲಿ ಯಾವುದೂ ನಡೆಯುವುದಿಲ್ಲ. ಜನರೇಷನ್ ಅಂದರೆ ಯಾವ ಕಡೆ ಎಷ್ಟು ವಾಲಿದೆ ಅನ್ನುವ ಗುರುತು, ಅಷ್ಟೇ.

ವರದಿಯಲ್ಲಿ ನೀವು ಸೆಫಜೋಲಿನ್ ಹೆಸರು ಹುಡುಕಿರಬೇಕು. ಸಿಕ್ಕಿರುವುದಿಲ್ಲ. ಗಾಬರಿ ಬೇಡ. ಲ್ಯಾಬಿನವರು ಸ್ಟಾಫ್‌ಗೆ ಸೆಫಾಕ್ಸಿಟಿನ್ ಅಥವಾ ಆಕ್ಸಾಸಿಲಿನ್ ಹಾಕಿ ನೋಡುತ್ತಾರೆ. ಅದಕ್ಕೆ ಬಗ್ಗಿದರೆ ಸೆಫಜೋಲಿನ್‌ಗೂ ಬಗ್ಗುತ್ತದೆ ಎಂದು ಲೆಕ್ಕ. ನಿಮ್ಮ ವರದಿಯಲ್ಲಿ 'ಸೆಫಾಕ್ಸಿಟಿನ್ ಸ್ಕ್ರೀನ್ ನೆಗೆಟಿವ್' ಎಂಬ ಸಾಲಿದೆ. ನೆಗೆಟಿವ್ ಅಂದರೆ ಇಲ್ಲಿ ಒಳ್ಳೆಯ ಸುದ್ದಿ.

ಇನ್ನೊಂದು ವಿಷಯ ಈ ವರದಿ ನೋಡುವಾಗಲೇ ಹೇಳಿಬಿಡುತ್ತೇನೆ. ಔಷಧಿಯ ಹೆಸರಿನ ಪಕ್ಕ ಒಂದು ಸಂಖ್ಯೆ ಇದೆಯಲ್ಲ, ಅದು ಎಂಐಸಿ. ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಬೇಕಾದ ಕನಿಷ್ಠ ಔಷಧಿಯ ಪ್ರಮಾಣ. ಸಂಖ್ಯೆ ಸಣ್ಣದಿದ್ದಷ್ಟೂ ಔಷಧಿ ಒಳ್ಳೆಯದು ಎಂದು ಎಷ್ಟೋ ಜನ ಪಟ್ಟಿ ನೋಡಿ ಆರಿಸಲು ಹೊರಡುತ್ತಾರೆ. ನಿಮ್ಮ ಪಟ್ಟಿಯಲ್ಲಿ ಅತಿ ಸಣ್ಣ ಸಂಖ್ಯೆ ರಿಫಾಂಪಿಸಿನ್‌ದು, 0.03. ವ್ಯಾಂಕೊಮೈಸಿನ್‌ದು 1, ಲಿನೆಜೋಲಿಡ್‌ದು 2. ಆದರೆ ಸ್ಟಾಫ್‌ಗೆ ರಿಫಾಂಪಿಸಿನ್ ಒಂದನ್ನೇ ಕೊಟ್ಟರೆ ಕೆಲವೇ ದಿನಗಳಲ್ಲಿ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗಿಬಿಡುತ್ತದೆ. ಒಂದು ಔಷಧಿಯ ಸಂಖ್ಯೆಯನ್ನು ಇನ್ನೊಂದರ ಸಂಖ್ಯೆಗೆ ಹೋಲಿಸುವ ಹಾಗೇ ಇಲ್ಲ. ಪ್ರತಿ ಔಷಧಿಗೂ ರಕ್ತದಲ್ಲಿ ಏರುವ ಮಟ್ಟ ಬೇರೆ, ಮಿತಿ ಬೇರೆ.

ಈಗ ಎಷ್ಟು ಗಂಟೆಗೊಮ್ಮೆ ಅನ್ನುವ ಪ್ರಶ್ನೆ. ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು.

ಪೆನಿಸಿಲಿನ್, ಸೆಫಲೊಸ್ಪೊರಿನ್, ಮೆರೊಪೆನೆಮ್, ಇವೆಲ್ಲ ಬೀಟಾ-ಲ್ಯಾಕ್ಟಮ್ ಮನೆತನದವು. ಬ್ಯಾಕ್ಟೀರಿಯಾ ಗೋಡೆ ಕಟ್ಟುವ ಕೆಲಸವನ್ನು ಇವು ಕೆಡಿಸುತ್ತವೆ. ಗೋಡೆ ಕಟ್ಟುವ ಹೊತ್ತಿನಲ್ಲಿ ಔಷಧಿ ಹಾಜರಿರಬೇಕು. ಡೋಸ್ ಎರಡು ಪಟ್ಟು ಮಾಡಿದರೆ ಎರಡು ಪಟ್ಟು ಬೇಗ ಸಾಯುವುದಿಲ್ಲ. ಔಷಧಿಯ ಮಟ್ಟ ಎಂಐಸಿಗಿಂತ ಮೇಲೆ ಎಷ್ಟು ಹೊತ್ತು ನಿಂತಿತು ಅನ್ನುವುದೇ ಲೆಕ್ಕ. ಸೆಫಜೋಲಿನ್‌ನ ಮಟ್ಟ ಆರೋಗ್ಯವಂತ ಕಿಡ್ನಿ ಇರುವವರಲ್ಲಿ ಸುಮಾರು 2 ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಅದಕ್ಕೆ 2 ಗ್ರಾಂ 8 ಗಂಟೆಗೊಮ್ಮೆ. ಸೆಫ್ಟ್ರಿಯಾಕ್ಸೋನ್ ಅರ್ಧಕ್ಕೆ ಇಳಿಯಲು ಸುಮಾರು 8 ಗಂಟೆ ಬೇಕು, ಅದಕ್ಕೆ ಹೆಚ್ಚಿನ ಸೋಂಕುಗಳಿಗೆ ದಿನಕ್ಕೆ ಒಂದು ಸಲ ಸಾಕು. ತೀವ್ರ ಕಾಯಿಲೆಯಲ್ಲಿ ಮೆರೊಪೆನೆಮ್ ಡೋಸನ್ನು ಅರ್ಧ ಗಂಟೆಯ ಬದಲು 3 ಗಂಟೆ ನಿಧಾನಕ್ಕೆ ಹರಿಸುವುದೂ ಇದೇ ಕಾರಣಕ್ಕೆ. ಅಷ್ಟೇ ಔಷಧಿ, ಆದರೆ ಹೆಚ್ಚು ಹೊತ್ತು ಹಾಜರಿ. ಹಾಗಾಗಿ ನಿಮ್ಮ ತಂದೆಯವರ ಮಧ್ಯರಾತ್ರಿಯ ಡೋಸ್ ತಡವಾದರೆ ಕೇಳಿ. ನಾಚಿಕೊಳ್ಳಬೇಡಿ. ಮಲಗಿದ್ದಾರೆ ಪಾಪ, ಬೆಳಿಗ್ಗೆ ಕೊಡೋಣ ಅನ್ನುವುದು ಈ ಔಷಧಿಯಲ್ಲಿ ನಡೆಯುವುದಿಲ್ಲ.

ಜೆಂಟಾಮೈಸಿನ್, ಅಮಿಕಾಸಿನ್ ಎಂಬ ಬೇರೆ ಗುಂಪಿನ ಆಂಟಿಬಯಾಟಿಕ್‌ಗಳದ್ದು ಪೂರ್ತಿ ಉಲ್ಟಾ ಸ್ವಭಾವ. ಅವು ಬ್ಯಾಕ್ಟೀರಿಯಾ ಒಳಗೆ ಹೊಕ್ಕು ಪ್ರೋಟೀನ್ ತಯಾರಿಕೆ ಕೆಡಿಸುತ್ತವೆ. ಮಟ್ಟ ಎಷ್ಟು ಎತ್ತರ ಏರಿತೋ ಅಷ್ಟು ಜೋರಾಗಿ ಕೊಲ್ಲುತ್ತವೆ. ಮಟ್ಟ ಇಳಿದ ಮೇಲೂ ಬ್ಯಾಕ್ಟೀರಿಯಾ ಕೆಲವು ಗಂಟೆ ಚೇತರಿಸಿಕೊಳ್ಳುವುದಿಲ್ಲ. ಹಾಗಾಗಿ ಅಮಿಕಾಸಿನ್ ಅನ್ನು ಸಾಮಾನ್ಯವಾಗಿ ಕೆ.ಜಿ.ಗೆ 15 ಮಿ.ಗ್ರಾಂ ಲೆಕ್ಕದಲ್ಲಿ ದಿನಕ್ಕೆ ಒಂದೇ ಸಲ, ದೊಡ್ಡ ಡೋಸ್ ಕೊಡುತ್ತೇವೆ. ಮುಂದಿನ ಡೋಸಿನ ಹೊತ್ತಿಗೆ ಮಟ್ಟ ಪೂರ್ತಿ ಇಳಿದಿರಬೇಕು. ಇಳಿಯದಿದ್ದರೆ ಕಿಡ್ನಿಗೂ ಒಳಕಿವಿಗೂ ಏಟು. ತರಬೇತಿಯ ದಿನಗಳಲ್ಲಿ ನಾನು ನೋಡಿಕೊಳ್ಳುತ್ತಿದ್ದ ಒಬ್ಬ ಅಜ್ಜಿಗೆ ಜೆಂಟಾಮೈಸಿನ್ ಹತ್ತು ದಿನ ದಾಟಿ ನಡೆದಿತ್ತು. 'ರಾತ್ರಿ ಲೈಟ್ ಆರಿಸಿದರೆ ನೆಲ ಓಲಾಡ್ತದೆ ಮಗಾ' ಎಂದು ಎರಡು ದಿನ ಹೇಳಿದರು. ವಯಸ್ಸಾಗಿದೆ, ಸುಸ್ತು ಅಂತ ನಾವು ಬಿಟ್ಟೆವು. ಅದು ಒಳಕಿವಿಯ ಸಮತೋಲನ ಹೋಗುತ್ತಿದ್ದ ಲಕ್ಷಣ. ಅವರ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು, ಕ್ರಿಯಾಟಿನಿನ್ ಕೂಡ ಜಾಸ್ತಿ ಏರಿರಲಿಲ್ಲ. ಆಮೇಲೆ ಅವರು ಗೋಡೆ ಹಿಡಿಯದೆ ನಡೆಯಲಿಲ್ಲ. ಅಂದಿನಿಂದ ಈ ಔಷಧಿ ಕೊಡುವಾಗಲೆಲ್ಲ ನಾನೇ ದಿನಾ ಕೇಳುತ್ತೇನೆ, ಕಿವಿಯಲ್ಲಿ ಗುಂಯ್ ಅನ್ನುತ್ತಾ, ತಲೆ ಆಡಿಸಿದರೆ ಎದುರಿನ ವಸ್ತು ಕುಣಿಯುತ್ತಾ ಅಂತ. ಮನೆಯವರಲ್ಲಿ ಯಾರಿಗಾದರೂ ಹಿಂದೆ ಈ ಇಂಜೆಕ್ಷನ್‌ನಿಂದ ಕಿವುಡು ಬಂದಿದ್ದರೆ ಅದನ್ನೂ ಹೇಳಬೇಕು. ತಾಯಿಯ ಕಡೆಯಿಂದ ಬರುವ ಒಂದು ಜೀನ್ ದೋಷ ಇರುವವರಿಗೆ ಸರಿಯಾದ ಡೋಸ್‌ನಲ್ಲೂ ಕಿವಿ ಹೋಗಬಹುದು.

ವ್ಯಾಂಕೊಮೈಸಿನ್ ಇವೆರಡರ ಮಧ್ಯೆ. ದಿನವಿಡೀ ಒಟ್ಟು ಎಷ್ಟು ಔಷಧಿಗೆ ಬ್ಯಾಕ್ಟೀರಿಯಾ ಮೈ ಒಡ್ಡಿತು ಅನ್ನುವುದು ಇಲ್ಲಿ ಮುಖ್ಯ. ಕಡಿಮೆಯಾದರೆ ಕೆಲಸ ಆಗುವುದಿಲ್ಲ, ಜಾಸ್ತಿಯಾದರೆ ಕಿಡ್ನಿ ಹಾಳು. ನಡುವಿನ ದಾರಿ ಕಿರಿದು, ಜನರಿಂದ ಜನಕ್ಕೆ ವ್ಯತ್ಯಾಸ ಬಹಳ. ಅದಕ್ಕೇ ರಕ್ತ ತೆಗೆದು ಲೆವೆಲ್ ನೋಡಿದ್ದು. ಮೊದಲೆಲ್ಲ ಮುಂದಿನ ಡೋಸಿಗೆ ಸ್ವಲ್ಪ ಮುಂಚಿನ ಮಟ್ಟ 15ರಿಂದ 20 ಇರಲಿ ಎನ್ನುತ್ತಿದ್ದೆವು. 2020ರಲ್ಲಿ ಅಮೆರಿಕದ ತಜ್ಞ ಸಂಘಗಳು ಸೇರಿ ಅದನ್ನು ಬದಲಿಸಿದವು. ತೀವ್ರವಾದ ಸ್ಟಾಫ್ ಸೋಂಕಿಗೆ ದಿನದ ಒಟ್ಟು ಲೆಕ್ಕ, ಅಂದರೆ ಎಯುಸಿ, 400ರಿಂದ 600ರ ಒಳಗೆ ಇಡಿ ಎಂದವು. ಹಳೆಯ ಲೆಕ್ಕದಲ್ಲಿ ಎಷ್ಟೋ ಜನರ ಕಿಡ್ನಿಗೆ ಬೇಡದ ಏಟು ಬೀಳುತ್ತಿತ್ತು. ಸೆಫಜೋಲಿನ್‌ನಲ್ಲಿ ಆ ದಾರಿ ತುಂಬಾ ಅಗಲ. ಲೆವೆಲ್ ನೋಡುವ ಅಗತ್ಯ ಸಾಮಾನ್ಯವಾಗಿ ಬರುವುದೇ ಇಲ್ಲ.

ಇನ್ನು ಆ 'ನಾರ್ಮಲ್' ಕ್ರಿಯಾಟಿನಿನ್. ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತದೆ ಎಂದು ಸ್ವಲ್ಪ ಲೆಕ್ಕ ಮಾಡೋಣ. 140ರಿಂದ ವಯಸ್ಸು ಕಳೆಯಿರಿ. ತೂಕದಿಂದ ಗುಣಿಸಿ. 72ನ್ನು ಕ್ರಿಯಾಟಿನಿನ್‌ನಿಂದ ಗುಣಿಸಿ, ಬಂದದ್ದರಿಂದ ಭಾಗಿಸಿ. ಹೆಂಗಸರಾದರೆ ಕೊನೆಗೆ 0.85ರಿಂದ ಗುಣಿಸಬೇಕು. ನಿಮ್ಮ ತಂದೆಗೆ 140ರಲ್ಲಿ 76 ಕಳೆದರೆ 64. ಅದನ್ನು 48ರಿಂದ ಗುಣಿಸಿದರೆ 3072. ಕೆಳಗೆ 72 ಮತ್ತು 1.2ರ ಗುಣಲಬ್ಧ 86.4. ಉತ್ತರ ನಿಮಿಷಕ್ಕೆ ಸುಮಾರು 36 ಮಿ.ಲೀ. ಅದೇ 1.2 ಕ್ರಿಯಾಟಿನಿನ್ ಇರುವ 25 ವರ್ಷದ, 70 ಕೆ.ಜಿ. ಹುಡುಗನಿಗೆ ಉತ್ತರ ಸುಮಾರು 93. ಲ್ಯಾಬಿನ ಕಾಗದದಲ್ಲಿ ಇಬ್ಬರದ್ದೂ ಒಂದೇ ಸಂಖ್ಯೆ, ಇಬ್ಬರದ್ದೂ 'ನಾರ್ಮಲ್'. ಕಿಡ್ನಿ ಸೋಸುವ ಕೆಲಸ ಮಾತ್ರ ಒಬ್ಬರದ್ದು ಇನ್ನೊಬ್ಬರ ಅರ್ಧಕ್ಕೂ ಕಡಿಮೆ. ಕ್ರಿಯಾಟಿನಿನ್ ಸ್ನಾಯುವಿನಿಂದ ಬರುತ್ತದೆ. ವಯಸ್ಸಾಗಿ ಸ್ನಾಯು ಕರಗಿದವರಲ್ಲಿ ಅದು ತಯಾರಾಗುವುದೇ ಕಡಿಮೆ, ಹಾಗಾಗಿ ಕಿಡ್ನಿ ಸೋತಿದ್ದರೂ ಸಂಖ್ಯೆ ಏರುವುದಿಲ್ಲ. ವ್ಯಾಂಕೊಮೈಸಿನ್ ದಿನಕ್ಕೆ ಒಂದೇ ಸಲ ಕೊಟ್ಟವರು ಈ ಲೆಕ್ಕ ಮಾಡಿದ್ದಾರೆ. ನನಗೆ ಅವರ ಮೇಲೆ ನಂಬಿಕೆ ಬರಲು ಇದೊಂದೇ ಸಾಕು.

ಆದರೆ ಮೊದಲ ಡೋಸನ್ನು ಕಿಡ್ನಿ ನೋಡಿ ಕಡಿಮೆ ಮಾಡಬಾರದು. ಖಾಲಿ ತೊಟ್ಟಿ ತುಂಬಲು ಎಷ್ಟು ನೀರು ಬೇಕು ಅನ್ನುವುದು ತೊಟ್ಟಿಯ ಅಳತೆಗೆ ಬಿಟ್ಟದ್ದು, ಕೆಳಗಿನ ನಲ್ಲಿ ಎಷ್ಟು ಸೋರುತ್ತದೆ ಅನ್ನುವುದಕ್ಕಲ್ಲ. ಮೊದಲ ಡೋಸ್ ತೂಕದ ಪ್ರಕಾರ, ಆಮೇಲಿನವು ಕಿಡ್ನಿಯ ಪ್ರಕಾರ. ಕಿಡ್ನಿ ವೀಕ್ ಎಂದು ಮೊದಲ ದಿನವೇ ಅರ್ಧ ಡೋಸ್ ಕೊಟ್ಟು, ಅತಿ ಮುಖ್ಯವಾದ 24 ಗಂಟೆ ಕಳೆದುಕೊಳ್ಳುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ವ್ಯಾಂಕೊಮೈಸಿನ್ ಮತ್ತು ಪೈಪರಾಸಿಲಿನ್ ಜೊತೆಯಾಗಿ ನಡೆದಾಗ ಕ್ರಿಯಾಟಿನಿನ್ ಏರುವುದು ಜಾಸ್ತಿ. ಮೂರನೇ ದಿನಕ್ಕೇ ಎರಡನ್ನೂ ನಿಲ್ಲಿಸಿದ್ದು ಆ ದೃಷ್ಟಿಯಿಂದಲೂ ಒಳ್ಳೆಯದಾಯಿತು.

ಉಳಿದ ಔಷಧಿಗಳ ಹೆಸರೂ ಮುಂದೆ ನಿಮ್ಮ ಕಿವಿಗೆ ಬೀಳಬಹುದು, ಅದಕ್ಕೆ ಬೇಗ ಹೇಳಿ ಮುಗಿಸುತ್ತೇನೆ. ಲಿನೆಜೋಲಿಡ್ ಮಾತ್ರೆ ಇಂಜೆಕ್ಷನ್ನಿನಷ್ಟೇ ರಕ್ತಕ್ಕೆ ಸೇರುತ್ತದೆ, ಸ್ಟಾಫ್‌ಗೆ ಕೆಲಸ ಮಾಡುತ್ತದೆ. ಎರಡು ವಾರ ದಾಟಿದರೆ ಪ್ಲೇಟ್‌ಲೆಟ್ ಬೀಳುವ ಭಯ, ಹಾಗಾಗಿ ವಾರಕ್ಕೊಮ್ಮೆ ರಕ್ತ ಪರೀಕ್ಷೆ ಬೇಕು. ಖಿನ್ನತೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಕೋ-ಟ್ರೈಮೊಕ್ಸಜೋಲ್ ಪೊಟ್ಯಾಸಿಯಂ ಏರಿಸುತ್ತದೆ, ಅದರಲ್ಲೂ ಕೆಲವು ಬಿಪಿ ಮಾತ್ರೆಗಳ ಜೊತೆ. ಲಿವೊಫ್ಲಾಕ್ಸಾಸಿನ್ ತರಹದ ಕ್ವಿನೊಲೋನ್‌ಗಳಲ್ಲಿ ನಿಮ್ಮ ತಂದೆಯಂಥವರಿಗೆ ನಾನು ಹೆದರುವುದು ಎರಡಕ್ಕೆ: ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಸರ್ರನೆ ಕುಸಿಯಬಹುದು, ಮತ್ತು ಹಿಮ್ಮಡಿಯ ಸ್ನಾಯುರಜ್ಜು ನೊಂದು ಹರಿಯಬಹುದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಆ್ಯಸಿಡಿಟಿ ಸಿರಪ್ ಜೊತೆ ನುಂಗಿದರೆ ಅರ್ಧಕ್ಕರ್ಧ ಹೊಟ್ಟೆಯಲ್ಲೇ ಕಟ್ಟಿಕೊಂಡು ವ್ಯರ್ಥ. ಡಾಕ್ಸಿಸೈಕ್ಲಿನ್ ಕೊಟ್ಟರೆ ಲೋಟ ತುಂಬ ನೀರಿನ ಜೊತೆ ನುಂಗಿಸಿ, ಅರ್ಧ ಗಂಟೆ ಮಲಗಲು ಬಿಡಬೇಡಿ. ಅನ್ನನಾಳದಲ್ಲಿ ಅಂಟಿಕೊಂಡರೆ ಹುಣ್ಣು ಮಾಡುತ್ತದೆ. ಡಾಪ್ಟೊಮೈಸಿನ್ ರಕ್ತದ ಸ್ಟಾಫ್‌ಗೆ ಒಳ್ಳೆಯದು, ಆದರೆ ನ್ಯುಮೋನಿಯಾಗೆ ಕೊಡುವ ಹಾಗಿಲ್ಲ. ಶ್ವಾಸಕೋಶದೊಳಗಿನ ಸೋಪಿನಂಥ ಲೇಪ ಅದನ್ನು ಕಟ್ಟಿ ಕೂರಿಸುತ್ತದೆ. ನೈಟ್ರೊಫ್ಯುರಾಂಟೊಯಿನ್ ಮೂತ್ರಕೋಶದಲ್ಲಿ ಮಾತ್ರ ಕೆಲಸ ಮಾಡುತ್ತದೆ, ರಕ್ತದಲ್ಲಿ ಅದರ ಮಟ್ಟ ಏರುವುದೇ ಇಲ್ಲ. ವರದಿಯಲ್ಲಿ ಬಗ್ಗುತ್ತದೆ ಎಂದಿದ್ದರೆ ಸಾಲದು, ಆ ಔಷಧಿ ಆ ಜಾಗಕ್ಕೆ ಹೋಗಿ ಮುಟ್ಟಬೇಕು.

ಈಗ ನಿಮ್ಮ ತಂದೆಯವರ ಜ್ವರಕ್ಕೆ ಬರುತ್ತೇನೆ. ಔಷಧಿಗಿಂತ ಜಾಸ್ತಿ ನನ್ನ ಗಮನ ಇರುವುದು ಅಲ್ಲೇ. ಸ್ಟಾಫ್ ಒಮ್ಮೆ ರಕ್ತಕ್ಕೆ ಇಳಿದರೆ ಸುಮ್ನೆ ಹರಿದು ಹೋಗುವುದಿಲ್ಲ, ಎಲ್ಲಾದರೂ ಬೇರು ಬಿಡಲು ನೋಡುತ್ತದೆ. ಹೃದಯದ ಕವಾಟ, ಬೆನ್ನುಮೂಳೆ, ಹುಣ್ಣಿನ ಕೆಳಗಿನ ಕಾಲಿನ ಮೂಳೆ. ಸರಿಯಾದ ಔಷಧಿ ಶುರುವಾಗಿ 72 ಗಂಟೆ ದಾಟಿದ ಮೇಲೂ ಜ್ವರ ಇದ್ದರೆ ಔಷಧಿ ಬದಲಿಸುವ ಮುಂಚೆ ಅಡಗುತಾಣ ಹುಡುಕಬೇಕು. ನಾಳೆ ರೌಂಡ್ಸ್‌ಗೆ ಬಂದಾಗ ಮೂರು ವಿಷಯ ಕೇಳಿ. ರಕ್ತದ ಕಲ್ಚರ್ ಮತ್ತೆ ತೆಗೆದಿದ್ದೀರಾ, ಅದು ನೆಗೆಟಿವ್ ಬಂತಾ? ಹೃದಯದ ಎಕೋ ಆಯಿತಾ? ಕಾಲಿನ ಮೂಳೆಗೆ ಸೋಂಕು ತಗುಲಿದೆಯಾ ಎಂದು ಎಕ್ಸ್‌ರೇ ಅಥವಾ ಎಂಆರ್‌ಐ ನೋಡಿದ್ದೀರಾ? ಹುಣ್ಣಿನಲ್ಲಿ ಕೀವು ಕಟ್ಟಿದ್ದರೆ ಅದನ್ನು ತೆಗೆಯದೆ ಯಾವ ಆಂಟಿಬಯಾಟಿಕ್ಕೂ ಗೆಲ್ಲುವುದಿಲ್ಲ. ಹೊಸದಾಗಿ ಬೆನ್ನುನೋವು ಶುರುವಾಗಿದ್ದರೆ ಅದನ್ನು ಹಾಸಿಗೆಯ ತಪ್ಪು ಎಂದು ಬಿಡಬೇಡಿ, ತಕ್ಷಣ ಹೇಳಿ.

ಸೆಫಜೋಲಿನ್ ನಡೆಯುವಾಗ ವಾರಕ್ಕೆ ಒಂದೆರಡು ಸಲ ಕ್ರಿಯಾಟಿನಿನ್, ರಕ್ತಕಣಗಳ ಎಣಿಕೆ ಮತ್ತು ಲಿವರ್ ಪರೀಕ್ಷೆ ನೋಡುವುದು ರೂಢಿ. ಕಿಡ್ನಿ ಇನ್ನೂ ಇಳಿದರೆ ಡೋಸಿನ ಅಂತರ ಹೆಚ್ಚಿಸಬೇಕಾಗುತ್ತದೆ. ದಿನಕ್ಕೆ ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲ ನೀರಾಗಿ ಭೇದಿಯಾದರೆ ನೀವೇ ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆ ತಂದು ಕೊಡಬೇಡಿ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಕರುಳಿನಲ್ಲಿ ಹೆಚ್ಚಿಕೊಂಡಿರಬಹುದು, ಮಲ ಪರೀಕ್ಷೆ ಆಗಬೇಕು. ಮೈಮೇಲೆ ದದ್ದು ಎದ್ದರೆ ಫೋಟೊ ತೆಗೆದಿಡಿ, ಯಾವ ಡೋಸ್ ಆದ ಎಷ್ಟು ಹೊತ್ತಿಗೆ ಬಂತು ಎಂದು ಬರೆದಿಡಿ. ಬಾಯೊಳಗೆ ಹುಣ್ಣಾದರೆ ಅಥವಾ ಚರ್ಮ ಸುಲಿದರೆ ಮುಂದಿನ ಡೋಸ್ ಕೊಡುವ ಮುಂಚೆಯೇ ನರ್ಸ್‌ಗೆ ತೋರಿಸಿ.

ಕೊನೆಯದಾಗಿ ದಿನಗಳ ಲೆಕ್ಕ. ಆಸ್ಪತ್ರೆಗೆ ಸೇರಿಸಿದ ದಿನದಿಂದ ಎಣಿಸಬೇಡಿ. ಕಲ್ಚರ್ ಮೊದಲು ನೆಗೆಟಿವ್ ಬಂದ ದಿನವೇ ಒಂದನೇ ದಿನ. ಅಲ್ಲಿಂದ ಕಡಿಮೆ ಎಂದರೂ 14 ದಿನ, ಅದೂ ಎಲ್ಲೂ ಬೇರು ಬಿಟ್ಟಿಲ್ಲ ಎಂದು ಖಾತ್ರಿಯಾದರೆ ಮಾತ್ರ. ಕವಾಟ ಅಥವಾ ಮೂಳೆಗೆ ಹೋಗಿದ್ದರೆ ಆರು ವಾರದವರೆಗೂ ಹೋಗಬಹುದು. ನಾಳೆ ಜ್ವರ ಬಿಟ್ಟು ಅವರು ಎದ್ದು ಕೂತು, ಮನೆಗೆ ಹೋಗೋಣ ಎಂದು ಹಟ ಹಿಡಿಯಬಹುದು. ಆಗ ಉಳಿದ ಡೋಸ್‌ಗಳನ್ನು ಎಲ್ಲಿ, ಯಾರು, ಯಾವ ಸೂಜಿಯ ಮೂಲಕ ಕೊಡುತ್ತಾರೆ ಎಂಬುದನ್ನು ಡಾಕ್ಟರ ಹತ್ತಿರ ಬರೆಸಿಕೊಂಡೇ ಹೊರಡಿ. ಎರಡನೇ ಕಲ್ಚರ್ ಫಲಿತಾಂಶ ಬಂದ ಮೇಲೆ ನನಗೂ ಬರೆಯಿರಿ, ನೋಡುತ್ತೇನೆ.